ಯಾವ ಕಾರು ಪರಿಸರಕ್ಕೆ ಕಡಿಮೆ ಹೊರೆ? ಆಯ್ಕೆಗೆ ಮೊದಲು ಮಾಡಬೇಕಾದ ಲೆಕ್ಕ

ಕಾರಿಗೆ 40 ಲೀಟರ್ ಪೆಟ್ರೋಲ್ ತುಂಬಿಸಿದರೆ ಅದರ ತೂಕ ಸುಮಾರು 30 ಕಿಲೋ ಹೆಚ್ಚುತ್ತದೆ. ಅಷ್ಟೂ ಪೆಟ್ರೋಲ್ ಉರಿದು ಮುಗಿಯುವ ಹೊತ್ತಿಗೆ ಹೊಗೆ ಕೊಳವೆಯಿಂದ ಹೊರಬಿದ್ದ ಇಂಗಾಲದ ಡೈ ಆಕ್ಸೈಡ್ ಸುಮಾರು 92 ಕಿಲೋ ತೂಗುತ್ತದೆ. ಒಳಗೆ ಹೋದದ್ದರ ಮೂರು ಪಟ್ಟು ಹೊರಗೆ ಬರುವುದು ಹೇಗೆಂದರೆ, ಪೆಟ್ರೋಲಿನಲ್ಲಿರುವ ಇಂಗಾಲದ ಪ್ರತಿಯೊಂದು ಪರಮಾಣುವೂ ಉರಿಯುವಾಗ ಗಾಳಿಯಿಂದ ಎರಡು ಆಮ್ಲಜನಕದ ಪರಮಾಣುಗಳನ್ನು ಸೆಳೆದುಕೊಳ್ಳುತ್ತದೆ. ಕಣ್ಣಿಗೆ ಕಾಣದ, ವಾಸನೆಯೂ ಇಲ್ಲದ ಈ 92 ಕಿಲೋವನ್ನು ತಡೆಯುವ ಸಾಧನ ಯಾವ ಕಾರಿನಲ್ಲೂ ಇಲ್ಲ. ಹೊಗೆ ಕೊಳವೆಗೆ ಅಳವಡಿಸಿರುವ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಸಾಧನ ವಿಷಾನಿಲಗಳನ್ನು ತಗ್ಗಿಸುತ್ತದೆ, ನಿಜ. ಆದರೆ ಕಾರ್ಬನ್ ಮೊನಾಕ್ಸೈಡನ್ನು ಅದು ಮಾರ್ಪಡಿಸುವುದೂ ಇಂಗಾಲದ ಡೈ ಆಕ್ಸೈಡ್ ಆಗಿಯೇ.

ಆದ್ದರಿಂದ ಪರಿಸರಸ್ನೇಹಿ ಕಾರು ಯಾವುದು ಎಂದು ಕೇಳುವವರಿಗೆ ನಾನು ಮೊದಲಿಗೇ ಹೇಳುವುದಿಷ್ಟು: ಪರಿಸರಕ್ಕೆ ಒಳಿತು ಮಾಡುವ ಕಾರು ಇಲ್ಲ, ಕಡಿಮೆ ಕೆಡುಕು ಮಾಡುವ ಕಾರು ಇದೆ. ಅದು ಯಾವುದೆಂಬುದು ಕಾರಿನ ಹಿಂಬದಿಯಲ್ಲಿ ಅಂಟಿಸಿದ ಹಸಿರು ಎಲೆಯ ಚಿತ್ರದಿಂದ ತೀರ್ಮಾನವಾಗುವುದಿಲ್ಲ. ನಿಮ್ಮ ಪ್ರದೇಶದ ವಿದ್ಯುತ್ ಯಾವುದರಿಂದ ತಯಾರಾಗುತ್ತದೆ, ವರ್ಷಕ್ಕೆ ನೀವು ಎಷ್ಟು ಕಿಲೋಮೀಟರ್ ಓಡಿಸುತ್ತೀರಿ, ಕಾರು ಎಷ್ಟು ಭಾರವಿದೆ ಎಂಬ ಮೂರು ಸಂಗತಿಗಳು ಇಂಧನದ ಹೆಸರಿಗಿಂತ ಹೆಚ್ಚಿನ ವ್ಯತ್ಯಾಸವನ್ನು ಉಂಟುಮಾಡುತ್ತವೆ. ಈ ಮೂರನ್ನೂ ಕೈಬಿಟ್ಟು ಮಾಡುವ ಹೋಲಿಕೆಯನ್ನು ನಾನು ಹೋಲಿಕೆಯೆಂದು ಒಪ್ಪುವುದಿಲ್ಲ.

ವಿದ್ಯುತ್ ಕಾರು ಮತ್ತು ಪೆಟ್ರೋಲ್ ಕಾರು

ಪೆಟ್ರೋಲ್ ಎಂಜಿನ್ನಿನ ಮುಖ್ಯ ದೋಷವೆಂದರೆ ಅದು ಕಾರನ್ನು ಓಡಿಸುವುದಕ್ಕಿಂತ ಹೆಚ್ಚಾಗಿ ಗಾಳಿಯನ್ನು ಬಿಸಿಮಾಡುತ್ತದೆ. ಇಂಧನದಲ್ಲಿರುವ ಶಕ್ತಿಯಲ್ಲಿ ಚಕ್ರಕ್ಕೆ ತಲುಪುವುದು ಹೆಚ್ಚುಕಡಿಮೆ ಕಾಲು ಭಾಗ ಮಾತ್ರ. ಉಳಿದದ್ದು ರೇಡಿಯೇಟರ್ ಮತ್ತು ಹೊಗೆ ಕೊಳವೆಯ ಮೂಲಕ ಶಾಖವಾಗಿ ಹೋಗುತ್ತದೆ. ವಿದ್ಯುತ್ ಮೋಟಾರಿನ ಕಾರಿನಲ್ಲಿ ಬ್ಯಾಟರಿಯಿಂದ ಹೊರಟ ಶಕ್ತಿಯ ಮುಕ್ಕಾಲಿಗೂ ಹೆಚ್ಚು ಪಾಲು ಚಕ್ರವನ್ನು ಮುಟ್ಟುತ್ತದೆ, ಬ್ರೇಕ್ ಹಾಕಿದಾಗ ಒಂದಿಷ್ಟು ಹಿಂದಿರುಗಿಯೂ ಬರುತ್ತದೆ. ಈ ಅನುಕೂಲ ಭೌತವಿಜ್ಞಾನದ್ದಾಗಿರುವುದರಿಂದ, ಎಂಜಿನ್ನನ್ನು ಎಷ್ಟೇ ಸುಧಾರಿಸಿದರೂ ಈ ಅಂತರ ಪೂರ್ತಿಯಾಗಿ ಮುಚ್ಚುವುದಿಲ್ಲ.

ಆದರೆ ವಿದ್ಯುತ್ ಕಾರು ಕಾರ್ಖಾನೆಯಿಂದ ಹೊರಬರುವಾಗಲೇ ಸಾಲ ಹೊತ್ತುಕೊಂಡು ಬರುತ್ತದೆ. ಬ್ಯಾಟರಿಯ ಪ್ರತಿ ಯೂನಿಟ್ ಸಾಮರ್ಥ್ಯಕ್ಕೆ, ಅಂದರೆ ಒಂದು ಕಿಲೋವ್ಯಾಟ್ ಗಂಟೆಗೆ, ಸುಮಾರು 60ರಿಂದ 100 ಕಿಲೋ ಇಂಗಾಲದ ಡೈ ಆಕ್ಸೈಡ್ ತಯಾರಿಕೆಯ ಹಂತದಲ್ಲೇ ಹೊರಬಿದ್ದಿರುತ್ತದೆ. 50 ಯೂನಿಟ್ ಬ್ಯಾಟರಿಯಿದ್ದರೆ ಈ ಹೆಚ್ಚುವರಿ ಸಾಲ ನಾಲ್ಕು ಟನ್ನಿನ ಆಸುಪಾಸು ಎಂದಿಟ್ಟುಕೊಳ್ಳಬಹುದು. ಈ ಸಾಲ ಎಷ್ಟು ಕಿಲೋಮೀಟರಿನಲ್ಲಿ ತೀರುತ್ತದೆ ಎಂಬುದೇ ನಿಜವಾದ ಪ್ರಶ್ನೆ, ಮತ್ತು ಅದನ್ನು ಯಾರು ಬೇಕಾದರೂ ಕಾಗದದ ಮೇಲೆ ಲೆಕ್ಕ ಹಾಕಬಹುದು.

ಲೀಟರಿಗೆ 15 ಕಿಲೋಮೀಟರ್ ಮೈಲೇಜ್ ಕೊಡುವ ಪೆಟ್ರೋಲ್ ಕಾರನ್ನು ತೆಗೆದುಕೊಳ್ಳೋಣ. ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕಿಲೋ ಇಂಗಾಲದ ಡೈ ಆಕ್ಸೈಡ್ ಬರುವುದರಿಂದ ಪ್ರತಿ ಕಿಲೋಮೀಟರಿಗೆ 153 ಗ್ರಾಂ ಆಯಿತು. ಕಚ್ಚಾ ತೈಲವನ್ನು ತೆಗೆದು, ಸಂಸ್ಕರಿಸಿ, ಸಾಗಿಸುವುದಕ್ಕೆ ಇದರ ಐದನೇ ಒಂದು ಭಾಗದಷ್ಟನ್ನು ಸೇರಿಸಿದರೆ ಸುಮಾರು 185 ಗ್ರಾಂ ಆಗುತ್ತದೆ. ವಿದ್ಯುತ್ ಕಾರು ಚಾರ್ಜ್ ಮಾಡುವಾಗಿನ ನಷ್ಟವನ್ನೂ ಸೇರಿಸಿ 100 ಕಿಲೋಮೀಟರಿಗೆ 18 ಯೂನಿಟ್ ಬಳಸುತ್ತದೆ ಎನ್ನೋಣ. ಜಲವಿದ್ಯುತ್, ಗಾಳಿ, ಅಣುಶಕ್ತಿಗಳಿಂದಲೇ ವಿದ್ಯುತ್ ಬರುವ ಕಡೆ ಕಿಲೋಮೀಟರಿಗೆ ಹತ್ತು ಗ್ರಾಂ ಕೂಡ ದಾಟುವುದಿಲ್ಲ. ನಾಲ್ಕು ಟನ್ನಿನ ಸಾಲ 23,000 ಕಿಲೋಮೀಟರಿನ ಒಳಗೆ ತೀರಿಹೋಗುತ್ತದೆ. ಯೂನಿಟ್‌ಗೆ 450 ಗ್ರಾಂ ಹೊರಬೀಳುವ, ಕಲ್ಲಿದ್ದಲೂ ಸ್ವಚ್ಛ ಮೂಲಗಳೂ ಬೆರೆತ ಮಿಶ್ರ ವಿದ್ಯುತ್ ಜಾಲದಲ್ಲಿ ಕಿಲೋಮೀಟರಿಗೆ 81 ಗ್ರಾಂ ಬೀಳುತ್ತದೆ, ಸಾಲ ತೀರಲು ಹೆಚ್ಚುಕಡಿಮೆ 38,000 ಕಿಲೋಮೀಟರ್ ಬೇಕು. ಪೂರ್ತಿ ಕಲ್ಲಿದ್ದಲಿನಿಂದಲೇ ಬರುವ, ಯೂನಿಟ್‌ಗೆ 950 ಗ್ರಾಂ ಉಗುಳುವ ವಿದ್ಯುತ್ತಾದರೆ ಕಿಲೋಮೀಟರಿಗೆ 171 ಗ್ರಾಂ ಆಗಿ, ಉಳಿತಾಯ ಬರೀ 14 ಗ್ರಾಂಗೆ ಇಳಿಯುತ್ತದೆ. ಆ ಲೆಕ್ಕದಲ್ಲಿ ಸಾಲ ತೀರಬೇಕಾದರೆ ಎರಡೂ ಮುಕ್ಕಾಲು ಲಕ್ಷ ಕಿಲೋಮೀಟರಿಗಿಂತ ಹೆಚ್ಚು ಓಡಬೇಕು, ಬಹುಪಾಲು ಕಾರುಗಳು ಅದಕ್ಕೆ ಮೊದಲೇ ಗುಜರಿ ಸೇರುತ್ತವೆ.

ಒಂದೇ ಕಾರು, ಒಂದೇ ಬ್ಯಾಟರಿ. ಚಾರ್ಜರನ್ನು ಎಲ್ಲಿ ಚುಚ್ಚುತ್ತೀರಿ ಎಂಬುದರ ಮೇಲೆ ಫಲ ಹತ್ತು ಪಟ್ಟಿಗೂ ಹೆಚ್ಚು ಬದಲಾಗುತ್ತದೆ. 2021ರಲ್ಲಿ ಇಂಟರ್‌ನ್ಯಾಷನಲ್ ಕೌನ್ಸಿಲ್ ಆನ್ ಕ್ಲೀನ್ ಟ್ರಾನ್ಸ್‌ಪೋರ್ಟೇಷನ್ ಸಂಸ್ಥೆ ಮಧ್ಯಮ ಗಾತ್ರದ ಕಾರುಗಳ ಇಡೀ ಬಾಳಿಕೆಯನ್ನು ಲೆಕ್ಕ ಹಾಕಿದಾಗಲೂ ಇದೇ ಕಂಡಿತು: ಪೆಟ್ರೋಲ್ ಕಾರಿಗೆ ಹೋಲಿಸಿದರೆ ವಿದ್ಯುತ್ ಕಾರಿನ ಹೊರೆ ಯುರೋಪಿನಲ್ಲಿ ಶೇ 66ರಿಂದ 69ರಷ್ಟು, ಅಮೆರಿಕದಲ್ಲಿ ಶೇ 60ರಿಂದ 68ರಷ್ಟು, ಚೀನಾದಲ್ಲಿ ಶೇ 37ರಿಂದ 45ರಷ್ಟು, ಭಾರತದಲ್ಲಿ ಶೇ 19ರಿಂದ 34ರಷ್ಟು ಕಡಿಮೆ. ಎಲ್ಲ ಕಡೆಯೂ ಕಡಿಮೆಯೇ, ಆದರೆ ಎಲ್ಲ ಕಡೆಯೂ ಒಂದೇ ಅಲ್ಲ. ವಿದ್ಯುತ್ತೆಲ್ಲ ಹೆಚ್ಚುಕಡಿಮೆ ಜಲವಿದ್ಯುತ್ ಸ್ಥಾವರಗಳಿಂದಲೇ ಬರುವ ನಾರ್ವೆಯಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ವಿದ್ಯುತ್ ಕಾರುಗಳಾಗಿದ್ದವು; ಅಲ್ಲಿ ಆ ಆಯ್ಕೆಗೆ ಇರುವ ಅರ್ಥ, ಕಲ್ಲಿದ್ದಲನ್ನೇ ನೆಚ್ಚಿಕೊಂಡ ಪ್ರದೇಶದಲ್ಲಿ ಅದಕ್ಕಿರುವ ಅರ್ಥಕ್ಕಿಂತ ಬೇರೆ.

ಕಲ್ಲಿದ್ದಲ ಪ್ರದೇಶದವರು ಇದನ್ನು ಓದಿ ಪೆಟ್ರೋಲಿಗೇ ಮರಳುವ ಮೊದಲು ಇನ್ನೊಂದು ಸಂಗತಿಯನ್ನು ತಕ್ಕಡಿಗೆ ಹಾಕಬೇಕು. ಇಂದು ಕೊಂಡ ಕಾರು ಹದಿನೈದು ವರ್ಷ ಓಡುತ್ತದೆ. ಆ ಅವಧಿಯಲ್ಲಿ ವಿದ್ಯುತ್ ಜಾಲಕ್ಕೆ ಸೌರಶಕ್ತಿ, ಪವನಶಕ್ತಿಗಳು ಸೇರಿಕೊಂಡಂತೆ ಹಳೆಯ ವಿದ್ಯುತ್ ಕಾರೂ ಏನೂ ಮಾಡದೆಯೇ ಸ್ವಚ್ಛವಾಗುತ್ತಾ ಹೋಗುತ್ತದೆ. ಪೆಟ್ರೋಲ್ ಕಾರಿಗೆ ಆ ಅವಕಾಶವಿಲ್ಲ, ಅದು ಸವೆದಷ್ಟೂ ಹೊಗೆ ಹೆಚ್ಚು. ಮನೆಯ ಮಾಳಿಗೆಯ ಮೇಲೆ ಸೌರಫಲಕವಿದ್ದು ಹಗಲಿನಲ್ಲಿ ಕಾರು ಮನೆಯಲ್ಲೇ ನಿಂತಿರುವವರಿಗಂತೂ ಜಾಲದ ಲೆಕ್ಕವೇ ಬಹುಮಟ್ಟಿಗೆ ಅನ್ವಯಿಸುವುದಿಲ್ಲ.

ಗಣಿಗಳ ಪ್ರಶ್ನೆಯನ್ನು ಬದಿಗಿಟ್ಟು ಮುಂದೆ ಹೋಗುವುದು ಪ್ರಾಮಾಣಿಕವಲ್ಲ. ಜಗತ್ತಿನ ಕೋಬಾಲ್ಟಿನಲ್ಲಿ ಹೆಚ್ಚುಕಡಿಮೆ ಶೇ 70ರಷ್ಟು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಿಂದ ಬರುತ್ತದೆ, ಮತ್ತು ಅಲ್ಲಿನ ಸಣ್ಣ ಗಣಿಗಳಲ್ಲಿ ಮಕ್ಕಳು ದುಡಿಯುತ್ತಿರುವುದು ಅನೇಕ ಸಲ ದಾಖಲಾಗಿದೆ. ಚಿಲಿಯ ಅಟಕಾಮ ಮರುಭೂಮಿಯಲ್ಲಿ ಲಿಥಿಯಂಗಾಗಿ ನೆಲದಡಿಯ ಉಪ್ಪುನೀರನ್ನು ಮೇಲೆತ್ತಿ ಬಿಸಿಲಿಗೆ ಒಣಗಿಸುತ್ತಾರೆ. ನೀರೇ ವಿರಳವಾದ ಕಡೆ ಇದು ಸಣ್ಣ ಮಾತಲ್ಲ. ಕೊಳ್ಳುವವರು ಮಾಡಬಹುದಾದದ್ದೆಂದರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಕಾರನ್ನು ಆರಿಸುವುದು, ಏಕೆಂದರೆ ಅದರಲ್ಲಿ ಕೋಬಾಲ್ಟೂ ಇಲ್ಲ, ನಿಕ್ಕಲ್ಲೂ ಇಲ್ಲ. ಇನ್ನೊಂದು ಬದಿಯ ತೂಕವನ್ನೂ ನೋಡಬೇಕು. ಎರಡು ಲಕ್ಷ ಕಿಲೋಮೀಟರ್ ಓಡುವ ಪೆಟ್ರೋಲ್ ಕಾರು ಸುಮಾರು 13,000 ಲೀಟರ್, ಅಂದರೆ ಹತ್ತು ಟನ್ನಿನಷ್ಟು ಪೆಟ್ರೋಲನ್ನು ಉರಿಸಿ ಮುಗಿಸುತ್ತದೆ, ಅದರಲ್ಲಿ ಒಂದು ಹನಿಯೂ ಮರಳಿ ಸಿಗುವುದಿಲ್ಲ. ಬ್ಯಾಟರಿಯ ತೂಕ ಮುನ್ನೂರು, ನಾನೂರು ಕಿಲೋ. ಅದಕ್ಕಾಗಿ ಅಗೆದ ಅದಿರು ಅದರ ಎಷ್ಟೋ ಪಟ್ಟಾದರೂ, ಕಾರಿನ ಆಯಸ್ಸು ಮುಗಿದಾಗ ಲೋಹಗಳು ಬ್ಯಾಟರಿಯೊಳಗೇ ಇರುತ್ತವೆ, ಮತ್ತೆ ತೆಗೆಯಲು ಬರುತ್ತವೆ.

ಹೈಬ್ರಿಡ್ ಮತ್ತು ಪ್ಲಗ್-ಇನ್ ಹೈಬ್ರಿಡ್

ಟೊಯೊಟಾ ಪ್ರಿಯಸ್ 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದಾಗಿನಿಂದ, ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್ ಕಾರಿನ ತಂತ್ರ ಹೆಚ್ಚು ಬದಲಾಗಿಲ್ಲ. ನಿಂತಾಗ ಎಂಜಿನ್ ಆರುತ್ತದೆ, ಬ್ರೇಕ್ ಹಾಕಿದಾಗ ಚಕ್ರದ ಓಟವೇ ಸಣ್ಣ ಬ್ಯಾಟರಿಯನ್ನು ತುಂಬುತ್ತದೆ, ಮತ್ತೆ ಹೊರಡುವಾಗ ಮೋಟಾರು ಕೈಜೋಡಿಸುತ್ತದೆ. ನಿಂತು ನಿಂತು ಸಾಗುವ ನಗರದ ಓಡಾಟದಲ್ಲಿ ಇದರಿಂದ ಇಂಧನ ಚೆನ್ನಾಗಿ ಉಳಿಯುತ್ತದೆ, ಒಂದೇ ವೇಗದ ಹೆದ್ದಾರಿಯಲ್ಲಿ ಅಷ್ಟಾಗಿ ಉಳಿಯುವುದಿಲ್ಲ. ಕಲ್ಲಿದ್ದಲ ವಿದ್ಯುತ್ತಿನ ನಗರದಲ್ಲಿರುವವರಿಗೆ, ಅಥವಾ ಚಾರ್ಜ್ ಮಾಡಲು ಜಾಗವೇ ಇಲ್ಲದವರಿಗೆ ಇದು ಗೌರವಯುತವಾದ ಆಯ್ಕೆ ಎಂದು ನಾನು ತಿಳಿಯುತ್ತೇನೆ. 60 ಯೂನಿಟ್ಟಿನ ಒಂದು ಬ್ಯಾಟರಿಗೆ ಬೇಕಾದ ಸಾಮರ್ಥ್ಯವನ್ನು ತಲಾ ಒಂದೂವರೆ ಯೂನಿಟ್ಟಿನಂತೆ 40 ಹೈಬ್ರಿಡ್ ಕಾರುಗಳಿಗೆ ಹಂಚಬಹುದು ಎಂಬ ವಾದದಲ್ಲೂ ಹುರುಳಿದೆ.

ಹೊರಗಿನ ವಿದ್ಯುತ್ತಿನಿಂದಲೂ ಚಾರ್ಜ್ ಮಾಡಬಹುದಾದ ಪ್ಲಗ್-ಇನ್ ಹೈಬ್ರಿಡ್ ಬಗ್ಗೆ ನನಗೆ ಅಷ್ಟು ಭರವಸೆಯಿಲ್ಲ. ಪುಟ್ಟ ಓಡಾಟಕ್ಕೆ ವಿದ್ಯುತ್, ದೂರದ ಪ್ರಯಾಣಕ್ಕೆ ಪೆಟ್ರೋಲ್ ಎಂಬುದು ಕೇಳಲು ಚೆನ್ನಾಗಿದೆ. ಆದರೆ 2021ರಲ್ಲಿ ನೋಂದಣಿಯಾದ ಕಾರುಗಳು ರಸ್ತೆಯಲ್ಲಿ ನಿಜವಾಗಿ ಎಷ್ಟು ಇಂಧನ ಬಳಸಿದವು ಎಂಬುದನ್ನು ಪರಿಶೀಲಿಸಿದ ಯುರೋಪಿಯನ್ ಆಯೋಗವು 2024ರಲ್ಲಿ ತಿಳಿಸಿದಂತೆ, ಪ್ಲಗ್-ಇನ್ ಹೈಬ್ರಿಡ್‌ಗಳು ಪ್ರಯೋಗಾಲಯದ ಅಂಕಿಗಿಂತ ಸರಾಸರಿ ಮೂರೂವರೆ ಪಟ್ಟು ಹೆಚ್ಚು ಇಂಗಾಲದ ಡೈ ಆಕ್ಸೈಡ್ ಹೊರಬಿಟ್ಟಿದ್ದವು. ಸಾಮಾನ್ಯ ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಈ ವ್ಯತ್ಯಾಸ ಐದನೇ ಒಂದು ಭಾಗದಷ್ಟಿತ್ತು. ಮುಖ್ಯ ಕಾರಣ ಬಳಕೆಯದ್ದು: ಜನ ಅಂದುಕೊಂಡಷ್ಟು ಚಾರ್ಜ್ ಮಾಡುತ್ತಿರಲಿಲ್ಲ. ಪ್ರತಿ ರಾತ್ರಿ ತಪ್ಪದೆ ಪ್ಲಗ್ ಚುಚ್ಚುವ ಶಿಸ್ತು ನಿಮ್ಮಲ್ಲಿದ್ದರೆ ಮಾತ್ರ ಇದನ್ನು ಪರಿಗಣಿಸಿ. ಇಲ್ಲವಾದರೆ ಎಂಜಿನ್, ಮೋಟಾರು, ದೊಡ್ಡ ಬ್ಯಾಟರಿ ಮೂರನ್ನೂ ಹೊತ್ತು ತಿರುಗುವ ಭಾರದ ಪೆಟ್ರೋಲ್ ಕಾರು ನಿಮ್ಮದಾಗುತ್ತದೆ.

ಉಳಿದ ಇಂಧನಗಳು

ಡೀಸೆಲ್ ಕಾರು ಲೀಟರಿಗೆ ಹೆಚ್ಚು ದೂರ ಓಡುತ್ತದೆ ಎಂಬ ಕಾರಣಕ್ಕೆ ಒಂದು ಕಾಲದಲ್ಲಿ ಅದನ್ನೇ ಹಸಿರು ಎಂದು ಕರೆದರು. ನೈಟ್ರೋಜನ್ ಆಕ್ಸೈಡ್‌ಗಳ ವಿಷಯದಲ್ಲಿ ಆ ಹೆಸರು ಉಳಿಯಲಿಲ್ಲ. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಫೋಕ್ಸ್‌ವ್ಯಾಗನ್ ಕಂಪನಿಯ ಡೀಸೆಲ್ ಕಾರುಗಳಲ್ಲಿ ಪರೀಕ್ಷೆಯನ್ನು ಗುರುತಿಸಿ ಆಗ ಮಾತ್ರ ಹೊಗೆಯನ್ನು ತಗ್ಗಿಸುವ ತಂತ್ರಾಂಶವಿದೆ ಎಂದು ಬಯಲು ಮಾಡಿತು. ರಸ್ತೆಯಲ್ಲಿ ಅವು ಮಿತಿಯ 40 ಪಟ್ಟಿನವರೆಗೂ ಹೊರಬಿಡುತ್ತಿದ್ದವು. ಪರೀಕ್ಷೆಯ ಅಂಕಿಯನ್ನು ರಸ್ತೆಯ ಅಂಕಿಯೊಂದಿಗೆ ಹೋಲಿಸಿಯೇ ನೋಡಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕೇ. ಸಿಎನ್‌ಜಿಯಲ್ಲಿ (ಅದುಮಿ ತುಂಬಿದ ನೈಸರ್ಗಿಕ ಅನಿಲ) ಇಂಗಾಲದ ಡೈ ಆಕ್ಸೈಡ್ ಪೆಟ್ರೋಲಿಗಿಂತ ನಾಲ್ಕನೇ ಒಂದು ಭಾಗದಷ್ಟು ಕಡಿಮೆ, ಮಸಿಯಂತೂ ತೀರಾ ಕಡಿಮೆ. ಆದರೆ ಬಾವಿಯಿಂದ ಬಂಕಿನವರೆಗಿನ ಕೊಳವೆಗಳಲ್ಲಿ ಸೋರುವ, ಆ ಅನಿಲದ ಮುಖ್ಯ ಅಂಶವಾದ ಮೀಥೇನ್ ಇಪ್ಪತ್ತು ವರ್ಷಗಳ ಅವಧಿಯಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 80 ಪಟ್ಟು ಬಿಸಿ ಹಿಡಿದಿಡುವುದರಿಂದ, ಸ್ವಲ್ಪ ಸೋರಿದರೂ ಆ ಲಾಭ ಕರಗುತ್ತದೆ.

ಎಥೆನಾಲ್ ವಿಷಯದಲ್ಲಿ ಬ್ರೆಜಿಲ್ 1975ರಿಂದಲೂ ಕಬ್ಬನ್ನು ನೆಚ್ಚಿ ಬಹಳ ದೂರ ಬಂದಿದೆ, 2003ರಿಂದ ಯಾವ ಪ್ರಮಾಣದ ಮಿಶ್ರಣಕ್ಕೂ ಒಗ್ಗುವ ಕಾರುಗಳೂ ಅಲ್ಲಿವೆ. ಎಥೆನಾಲಿನಲ್ಲಿ ಲೀಟರಿಗೆ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟೇ ಶಕ್ತಿಯಿದೆ ಎಂಬುದಕ್ಕಿಂತ, ಅದನ್ನು ಬೆಳೆದ ಜಮೀನು ಮೊದಲು ಏನಾಗಿತ್ತು ಎಂಬುದು ಮುಖ್ಯ. ಕಾಡು ಕಡಿದು ಬೆಳೆದ ಇಂಧನಕ್ಕೆ ಹಸಿರೆಂಬ ಹೆಸರು ಸಲ್ಲದು. ಬೆಳೆಯು ಸೂರ್ಯನ ಬೆಳಕಿನ ನೂರು ಪಾಲಿನಲ್ಲಿ ಒಂದರ ಆಸುಪಾಸನ್ನು ಮಾತ್ರ ಹಿಡಿದಿಟ್ಟುಕೊಂಡರೆ ಸೌರಫಲಕವು ಇಪ್ಪತ್ತು ಪಾಲನ್ನು ಹಿಡಿಯುತ್ತದೆ ಎಂಬುದನ್ನೂ ನೆನಪಿಡಬೇಕು.

ಹೈಡ್ರೋಜನ್ ಕಾರಿನ ಹೊಗೆ ಕೊಳವೆಯಿಂದ ನೀರಿನ ಆವಿ ಮಾತ್ರ ಬರುತ್ತದೆ ಎಂಬುದು ನಿಜ, ಆದರೆ ಅದು ಅರ್ಧ ಸತ್ಯ. ಇಂದು ತಯಾರಾಗುವ ಹೈಡ್ರೋಜನ್ ಬಹುಪಾಲು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದಲೇ ಬರುತ್ತದೆ. ಅನಿಲದಿಂದ ಒಂದು ಕಿಲೋ ತೆಗೆಯುವಾಗ ಒಂಬತ್ತು, ಹತ್ತು ಕಿಲೋ ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ. ನೀರನ್ನು ವಿದ್ಯುತ್ತಿನಿಂದ ಒಡೆದು ಪಡೆದರೆ ಕಿಲೋಗೆ 50ರಿಂದ 55 ಯೂನಿಟ್ ಬೇಕು, ಅದನ್ನು ಸಾಮಾನ್ಯ ಗಾಳಿಯೊತ್ತಡದ 700 ಪಟ್ಟಿಗೆ ಅದುಮಿ ತುಂಬಲು ಇನ್ನಷ್ಟು ಬೇಕು. ಆ ಒಂದು ಕಿಲೋದಲ್ಲಿ ಕಾರು ಸುಮಾರು 100 ಕಿಲೋಮೀಟರ್ ಓಡುತ್ತದೆ. ಅದೇ ದೂರಕ್ಕೆ ಬ್ಯಾಟರಿ ಕಾರಿಗೆ 18 ಯೂನಿಟ್ ಸಾಕಾಗುವಾಗ, ಸ್ವಚ್ಛ ವಿದ್ಯುತ್ತನ್ನು ಮೂರು ಪಟ್ಟು ಖರ್ಚು ಮಾಡುವುದಕ್ಕೆ ವೈಯಕ್ತಿಕ ಕಾರಿನಲ್ಲಿ ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ. ಉಕ್ಕು, ರಸಗೊಬ್ಬರಗಳ ಕಾರ್ಖಾನೆಗಳಿಗೆ ಆ ಹೈಡ್ರೋಜನ್ ಹೆಚ್ಚು ಅಗತ್ಯವಾಗಿದೆ.

ಇರುವ ಕಾರನ್ನೇ ಇಟ್ಟುಕೊಳ್ಳುವುದು

ಮಾರಾಟದ ಜಾಹೀರಾತುಗಳು ಎಂದೂ ಹೇಳದ ಆಯ್ಕೆ ಇದು. ಬ್ಯಾಟರಿಯೂ ಸೇರಿದಂತೆ ಹೊಸ ವಿದ್ಯುತ್ ಕಾರಿನ ತಯಾರಿಕೆಗೆ ಒಟ್ಟು ಹತ್ತು ಟನ್ ಎಂದು ಹಿಡಿಯೋಣ. ನಿಮ್ಮಲ್ಲಿರುವ ಹಳೆಯ ಪೆಟ್ರೋಲ್ ಕಾರು ಲೀಟರಿಗೆ 12 ಕಿಲೋಮೀಟರ್ ಕೊಡುತ್ತಿದ್ದರೆ, ಇಂಧನ ತಯಾರಿಕೆಯನ್ನೂ ಸೇರಿಸಿ ಕಿಲೋಮೀಟರಿಗೆ 230 ಗ್ರಾಂ ಆಗುತ್ತದೆ. ವರ್ಷಕ್ಕೆ 20,000 ಕಿಲೋಮೀಟರ್ ಓಡಿಸುವವರು ಸ್ವಚ್ಛ ವಿದ್ಯುತ್ತಿರುವ ಕಡೆ ಕಾರು ಬದಲಿಸಿದರೆ ಎರಡೂವರೆ ವರ್ಷದೊಳಗೆ ಹತ್ತು ಟನ್ನೂ ತೀರುತ್ತದೆ, ಅವರು ತಡಮಾಡಬಾರದು. ವರ್ಷಕ್ಕೆ 5,000 ಕಿಲೋಮೀಟರ್ ಮಾತ್ರ ಓಡಿಸುವವರಿಗೆ ಅದೇ ಹತ್ತು ಟನ್ ತೀರಲು ಒಂಬತ್ತು ವರ್ಷ ಹಿಡಿಯುತ್ತದೆ, ಮಿಶ್ರ ಜಾಲದಲ್ಲಾದರೆ ಹದಿಮೂರು ವರ್ಷಕ್ಕೂ ಹೆಚ್ಚು. ವಾರಕ್ಕೊಮ್ಮೆ ಕಾರು ತೆಗೆಯುವವರು ಪರಿಸರಕ್ಕಾಗಿ ಹೊಸ ಕಾರು ಕೊಂಡೆವೆಂದು ಹೇಳಿದರೆ ಅವರ ಕಾಳಜಿಯನ್ನು ಗೌರವಿಸುತ್ತಲೇ ಲೆಕ್ಕ ತಪ್ಪಿದೆ ಎನ್ನಬೇಕಾಗುತ್ತದೆ. ಮಾರಿದ ಹಳೆಯ ಕಾರು ರಸ್ತೆಯಿಂದ ಮಾಯವಾಗುವುದೂ ಇಲ್ಲ, ಇನ್ನೊಬ್ಬರ ಕೈಯಲ್ಲಿ ಅದು ಓಡುತ್ತಲೇ ಇರುತ್ತದೆ.

ಇದಕ್ಕೆ ಒಂದು ಅಪವಾದವಿದೆ. ಚಳಿಯ ಬೆಳಿಗ್ಗೆ ಕಾರು ಶುರು ಮಾಡಿ ಹಿಂದೆ ಹೋಗಿ ನಿಂತರೆ, ಸೈಲೆನ್ಸರಿನ ತುದಿಯಿಂದ ನೀರು ತೊಟ್ಟಿಕ್ಕುವುದು ಕಾಣುತ್ತದೆ. ಇಂಧನ ಉರಿದಾಗ ಹುಟ್ಟಿದ ಆವಿ ತಣ್ಣನೆಯ ಕೊಳವೆಯಲ್ಲಿ ನೀರಾಗಿ ಇಳಿಯುತ್ತಿರುತ್ತದೆ. ಕೊಳವೆ ತಣ್ಣಗಿದ್ದಾಗ ಕ್ಯಾಟಲಿಟಿಕ್ ಕನ್ವರ್ಟರೂ ತಣ್ಣಗೇ ಇರುತ್ತದೆ. ಅದು ಕೆಲಸ ಆರಂಭಿಸಬೇಕಾದರೆ 300 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಕಾಯಬೇಕು. ಆ ಮೊದಲ ನಿಮಿಷಗಳಲ್ಲಿ ಹೊಗೆ ಹೆಚ್ಚುಕಡಿಮೆ ಸೋಸದೆಯೇ ಬೀದಿಗೆ ಬರುತ್ತದೆ, ಅದನ್ನು ಉಸಿರಾಡುವವರು ಅಲ್ಲೇ ನಡೆದು ಶಾಲೆಗೆ ಹೋಗುವ ಮಕ್ಕಳು. ನಿಮ್ಮ ಓಡಾಟವೆಲ್ಲ ಒಂದೆರಡು ಕಿಲೋಮೀಟರಿನ ತುಂಡು ಪ್ರಯಾಣಗಳೇ ಆಗಿದ್ದರೆ, ಅಥವಾ ನಿಮ್ಮದು ಫಿಲ್ಟರ್ ಇಲ್ಲದ ಹಳೆಯ ಡೀಸೆಲ್ ಆಗಿದ್ದರೆ, ಇಂಗಾಲದ ಲೆಕ್ಕ ಏನೇ ಹೇಳಲಿ, ಬೀದಿಯ ಗಾಳಿಗಾಗಿ ಅದನ್ನು ಬಿಡುವುದೇ ಸರಿ.

ಯಾವ ಇಂಧನವೂ ಬಗೆಹರಿಸದ ಭಾಗ

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಮೊಟ್ಟೆಯಿಡಲು ಸಮುದ್ರದಿಂದ ತೊರೆಗಳಿಗೆ ಮರಳುವ ಕೋಹೋ ಸಾಲ್ಮನ್ ಮೀನುಗಳು ಮಳೆ ಬಂದ ಕೆಲವೇ ಗಂಟೆಗಳಲ್ಲಿ ಸಾಯುತ್ತಿದ್ದವು. ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡುತ್ತಾ, ಸುತ್ತುತ್ತಾ, ಹೊಟ್ಟೆಯಲ್ಲಿ ಮೊಟ್ಟೆಯಿರುವಾಗಲೇ ಅವು ಮಗುಚಿ ಬೀಳುತ್ತಿದ್ದವು. ಟೈರಿನ ರಬ್ಬರು ಬಿರಿಯದಂತೆ ಬೆರೆಸುವ 6ಪಿಪಿಡಿ ಎಂಬ ರಾಸಾಯನಿಕವು ಓಝೋನಿನೊಂದಿಗೆ ಸೇರಿ ಉಂಟಾಗುವ ಕ್ವಿನೋನ್ ಎಂಬ ವಿಷವಸ್ತುವೇ ಅವುಗಳ ಸಾವಿಗೆ ಕಾರಣವೆಂದು 2020ರಲ್ಲಿ ಗೊತ್ತಾಯಿತು. ರಸ್ತೆಯ ಮೇಲೆ ಸವೆದ ಟೈರಿನ ಪುಡಿಯನ್ನು ಮಳೆ ತೊಳೆದು ತೊರೆಗೆ ಸೇರಿಸುತ್ತಿತ್ತು. ಆ ಟೈರು ಪೆಟ್ರೋಲ್ ಕಾರಿನದೋ ವಿದ್ಯುತ್ ಕಾರಿನದೋ ಎಂಬುದು ಮೀನಿಗೆ ಒಂದೇ.

ಇಲ್ಲಿ ವ್ಯತ್ಯಾಸ ತರುವುದು ತೂಕ. ಭಾರ ಹೆಚ್ಚಿದಷ್ಟೂ ಟೈರು ಸವೆಯುತ್ತದೆ, ದೊಡ್ಡ ಬ್ಯಾಟರಿಯ ಕಾರು ಈ ಒಂದು ವಿಷಯದಲ್ಲಿ ಹಿಂದೆ ಬೀಳುತ್ತದೆ. ಬ್ರೇಕಿನ ಧೂಳಿನಲ್ಲಿ ಮಾತ್ರ ಅದು ಮುಂದಿದೆ, ಮೋಟಾರೇ ವೇಗವನ್ನು ತಗ್ಗಿಸುವುದರಿಂದ ಬ್ರೇಕ್ ಪ್ಯಾಡುಗಳಿಗೆ ಕೆಲಸ ಕಡಿಮೆ. ಯುರೋಪಿಯನ್ ಒಕ್ಕೂಟ 2024ರಲ್ಲಿ ಅಂಗೀಕರಿಸಿದ ಯೂರೋ 7 ನಿಯಮಗಳು ಹೊಗೆಯ ಜೊತೆಗೆ ಬ್ರೇಕಿನ ಧೂಳು, ಟೈರಿನ ಸವೆತಗಳಿಗೂ ಮಿತಿ ಹಾಕಲು ಹೊರಟಿರುವುದು ಸಮಾಧಾನದ ಸಂಗತಿ. ಆದರೆ ಮಾರುಕಟ್ಟೆ ಎದುರು ದಿಕ್ಕಿಗೆ ಸಾಗುತ್ತಿದೆ: 2023ರಲ್ಲಿ ಜಗತ್ತಿನಲ್ಲಿ ಮಾರಾಟವಾದ ಕಾರುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಸ್‌ಯುವಿಗಳು. ಎತ್ತರದ, ಭಾರದ ವಿದ್ಯುತ್ ಎಸ್‌ಯುವಿಗೂ ಸಣ್ಣ ವಿದ್ಯುತ್ ಕಾರಿಗೂ ಇರುವ ಅಂತರವನ್ನು ಕೊಳ್ಳುವವರು ಬಹಳ ಕಡಿಮೆ ಅಂದಾಜು ಮಾಡುತ್ತಾರೆ. 30 ಯೂನಿಟ್ ಬ್ಯಾಟರಿಯ, 100 ಕಿಲೋಮೀಟರಿಗೆ 12 ಯೂನಿಟ್ ಬಳಸುವ ಪುಟ್ಟ ಕಾರು, ಮೇಲೆ ಹೇಳಿದ ಪೂರ್ತಿ ಕಲ್ಲಿದ್ದಲ ಜಾಲದಲ್ಲೂ, ಲೀಟರಿಗೆ 20 ಕಿಲೋಮೀಟರ್ ಕೊಡುವ ಪುಟ್ಟ ಪೆಟ್ರೋಲ್ ಕಾರಿನೆದುರು ಒಂದು ಲಕ್ಷ ಕಿಲೋಮೀಟರಿನಲ್ಲಿ ತನ್ನ ಸಾಲವನ್ನು ತೀರಿಸಿಕೊಳ್ಳುತ್ತದೆ.

ತೂಕದ ಮಾತನ್ನು ಇನ್ನೂ ಹತ್ತಿರದಿಂದ ನೋಡಬಹುದು. ಒಂದೂವರೆ ಟನ್ನಿನ ಪೆಟ್ರೋಲ್ ಕಾರಿನಲ್ಲಿ 70 ಕಿಲೋದ ಒಬ್ಬರೇ ಕುಳಿತು ಹೋಗುವಾಗ, ಚಕ್ರಕ್ಕೆ ತಲುಪಿದ ಕಾಲು ಭಾಗದ ಶಕ್ತಿಯಲ್ಲೂ ಬಹುಪಾಲು ಕಾರನ್ನೇ ಒಯ್ಯುವುದಕ್ಕೆ ಹೋಗುತ್ತದೆ. ತೂಕದ ಪ್ರಮಾಣದಲ್ಲಿ ಹಂಚಿದರೆ ಮನುಷ್ಯರನ್ನು ಒಯ್ಯಲು ಬಳಕೆಯಾದದ್ದು ಒಂದು ಲೀಟರಿನಲ್ಲಿ ಹತ್ತು ಮಿಲಿಲೀಟರಿನ ಆಸುಪಾಸು, ಅಂದರೆ ಎರಡು ಟೀ ಚಮಚ. ಅದೇ ಕಾರಿನಲ್ಲಿ ನಾಲ್ವರು ಕುಳಿತರೆ 185 ಗ್ರಾಂ ತಲೆಗೆ 46 ಗ್ರಾಂ ಆಗುತ್ತದೆ. ಲೀಟರಿಗೆ ಮೂರು ಕಿಲೋಮೀಟರ್ ಮಾತ್ರ ಓಡುವ ಹಳೆಯ ಡೀಸೆಲ್ ಬಸ್ಸಿನಲ್ಲಿ ನಲವತ್ತು ಜನರಿದ್ದರೆ ತಲೆಗೆ 30 ಗ್ರಾಂ ಕೂಡ ಆಗುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು

ಹೆಚ್ಚು ಓಡಿಸುವವರು, ವಿದ್ಯುತ್ ಅಷ್ಟಿಷ್ಟಾದರೂ ಸ್ವಚ್ಛವಾಗಿರುವ ಕಡೆ, ತಮ್ಮ ದಿನನಿತ್ಯದ ಓಡಾಟಕ್ಕೆ ಸಾಕಾಗುವಷ್ಟೇ ದೊಡ್ಡ ಬ್ಯಾಟರಿಯ ವಿದ್ಯುತ್ ಕಾರನ್ನು ಕೊಳ್ಳುವುದು ಉತ್ತಮ. ವರ್ಷಕ್ಕೆರಡು ಬಾರಿಯ ದೂರದ ಪ್ರವಾಸಕ್ಕಾಗಿ ಇಡೀ ವರ್ಷ ದೊಡ್ಡ ಬ್ಯಾಟರಿಯನ್ನು ಹೊತ್ತು ತಿರುಗುವ ಬದಲು ಆ ಎರಡು ಪ್ರವಾಸಕ್ಕೆ ರೈಲನ್ನೋ ಬಾಡಿಗೆ ಕಾರನ್ನೋ ನೆಚ್ಚಿಕೊಳ್ಳಬಹುದು. ಹೆಚ್ಚು ಓಡಿಸುವವರಾಗಿದ್ದೂ ಚಾರ್ಜಿಂಗ್ ಇಲ್ಲದವರು ಅಥವಾ ಕಲ್ಲಿದ್ದಲ ಜಾಲದವರು ಸಣ್ಣ ಹೈಬ್ರಿಡ್ ಕಡೆ ನೋಡಲಿ. ಅಪರೂಪಕ್ಕೆ ಓಡಿಸುವವರು ಇರುವ ಕಾರಿನ ಟೈರಿಗೆ ಸರಿಯಾಗಿ ಗಾಳಿ ತುಂಬಿಸಿ, ಕಾಲಕ್ಕೆ ಸರಿಯಾಗಿ ಸರ್ವೀಸ್ ಮಾಡಿಸಿ ಅದನ್ನೇ ಉಳಿಸಿಕೊಳ್ಳಲಿ. ಬದಲಿಸಲೇಬೇಕಾದರೆ ಸೆಕೆಂಡ್ ಹ್ಯಾಂಡ್ ವಿದ್ಯುತ್ ಕಾರನ್ನು ಹುಡುಕಲಿ, ಅದರ ತಯಾರಿಕೆಯ ಸಾಲದ ಒಂದು ಪಾಲನ್ನು ಮೊದಲ ಒಡೆಯರು ಆಗಲೇ ತೀರಿಸಿರುತ್ತಾರೆ. ಮನೆಗೆ ಎರಡನೆಯ ಕಾರು ಕೊಳ್ಳಬೇಕೆಂದಿರುವವರು ಒಂದು ತಿಂಗಳ ಮಟ್ಟಿಗೆ, ಒಂದೇ ಕಾರಿನಿಂದ ಆಗದೆ ಉಳಿದ ಪ್ರಯಾಣಗಳು ಎಷ್ಟು, ಪ್ರತಿಯೊಂದೂ ಎಷ್ಟು ದೂರದ್ದು ಎಂದು ಒಂದು ಚೀಟಿಯಲ್ಲಿ ಬರೆದಿಡಲಿ. ಆ ಚೀಟಿಯಲ್ಲಿ ಐದು ಕಿಲೋಮೀಟರಿನೊಳಗಿನ ಪ್ರಯಾಣಗಳೇ ತುಂಬಿದ್ದರೆ, ಅವರು ಹೋಲಿಸಿ ನೋಡಬೇಕಾದದ್ದು ಕಾರುಗಳನ್ನಲ್ಲ, ಸೈಕಲ್ಲುಗಳನ್ನು.